ಹಾಲಿಲ್ಲದ ಬಿಸ್ಕತ್ತು

ನನ್ನ ಮಗಳಿಗೆ ಹಸುವಿನ ಹಾಲು ಆಗುವುದಿಲ್ಲ. ಇದನ್ನು ಬೇರೆ ಯಾವ ಮನೆಯಲ್ಲಿ ಹೇಳಿದ್ದರೂ ಸುಲಭವಾಗುತ್ತಿತ್ತೇನೋ. ನನ್ನ ಗಂಡನ ಮನೆ ಸಾತನೂರಿನ ಹತ್ತಿರದ ಹಳ್ಳಿಯಲ್ಲಿದೆ. ಹಿತ್ತಿಲಲ್ಲಿ ಕೊಟ್ಟಿಗೆ, ಅದರಾಚೆ ಹಿಪ್ಪುನೇರಳೆ ತೋಟ. ಬೆಳಿಗ್ಗೆ ಸಂಜೆ ಹಾಲು ಕರೆದು ಡೇರಿಗೆ ಹಾಕಿ ಬರುವುದು ಅತ್ತೆಯ ಕೆಲಸ. ನಾನು ಹಾರೋಹಳ್ಳಿಯ ಕಾರ್ಖಾನೆಯೊಂದರ ಸ್ಟೋರಿನಲ್ಲಿ ಕೆಲಸ ಮಾಡುತ್ತೇನೆ. ಹಾಗಾಗಿ ಹಗಲೆಲ್ಲ ಮಗು ಅತ್ತೆಯ ಮಡಿಲಲ್ಲೇ ಬೆಳೆಯಿತು.

ಮೊದಲ ಸಲ ಹಸುವಿನ ಹಾಲು ಕುಡಿಸಿದಾಗ ಮಗುವಿನ ಮುಖ ಊದಿಕೊಂಡಿತು, ಮೈತುಂಬ ದದ್ದು ಎದ್ದಿತು, ಕುಡಿದದ್ದನ್ನೆಲ್ಲ ಕಕ್ಕಿತು. ಪರೀಕ್ಷೆ ಮಾಡಿಸಿದ ಮೇಲೆ ಡಾಕ್ಟರು, ಹಾಲು ಮಾತ್ರವಲ್ಲ, ಮೊಸರು, ಬೆಣ್ಣೆ, ತುಪ್ಪ ಯಾವುದೂ ಕೂಡದು ಎಂದರು. ಅತ್ತೆಯೂ ಜೊತೆಗಿದ್ದು ಕೇಳಿಸಿಕೊಂಡರು. ಮನೆಗೆ ಬಂದ ಮೇಲೆ ಬಾಯಿ ಬಿಟ್ಟರು.

"ಹಾಲು ಆಗಕಿಲ್ಲ ಅನ್ನೋ ಮಗೀನ ನಾನೆಲ್ಲೂ ಕಂಡಿಲ್ಲ ಕಣವ್ವ. ನಿನ್ ಗಂಡ ಇದೇ ಹಾಲು ಕುಡ್ಕಂಡು ಬೆಳೀನಿಲ್ವಾ?"

ಅವರಿಗೆ ಕೋಪಕ್ಕಿಂತ ಅವಮಾನವೇ ಹೆಚ್ಚಾಗಿತ್ತು. ಊರಿಗೆಲ್ಲ ಹಾಲು ಕೊಡುವವಳು ಸ್ವಂತ ಮೊಮ್ಮಗಳಿಗೆ ಒಂದು ಲೋಟ ಕೊಡುವಂತಿಲ್ಲ. ಆದರೂ ಅವರು ನನಗೆ ತಿಳಿಯದಂತೆ ಏನನ್ನೂ ಕೊಟ್ಟವರಲ್ಲ. ಇದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಮಗಳು ದೊಡ್ಡವಳಾದಂತೆ ಅಂಗಡಿ ತಿಂಡಿ ಕೇಳತೊಡಗಿದಳು. ಕನಕಪುರದ ಅಂಗಡಿಗಳಲ್ಲಿ ನಿಂತು ನಾನು ಪ್ಯಾಕೆಟ್ಟುಗಳ ಬೆನ್ನು ಓದಲು ಕಲಿತೆ. ಹಾಲಿಗೆ ಎಷ್ಟು ಹೆಸರುಗಳಿವೆ ಎಂದು ನನಗೆ ತಿಳಿದದ್ದು ಆಗ. ಮಿಲ್ಕ್ ಸಾಲಿಡ್ಸ್, ವೇ ಪೌಡರ್, ಕೇಸಿನ್. ಬರೀ ಮೈದಾ ಸಕ್ಕರೆ ಅಂದುಕೊಂಡಿದ್ದ ಬಿಸ್ಕತ್ತಿನಲ್ಲೂ ಅವು ಅಡಗಿದ್ದವು. ಅಂಗಡಿಯವನು ಬೇಸತ್ತು, "ತಗೊಳಂಗಿದ್ರೆ ತಗೊಳ್ಳಿ ಮೇಡಂ, ಲೈಬ್ರರಿ ಅಲ್ಲ ಇದು" ಎಂದಿದ್ದ. ಕೊನೆಗೆ ಒಂದೇ ಒಂದು ಸಿಕ್ಕಿತು, ಚಾಕೊಲೇಟ್ ಚಿಪ್ ಕುಕೀಸ್. ಮೈದಾ, ಸಕ್ಕರೆ, ಪಾಮ್ ಎಣ್ಣೆ, ಕೋಕೋ, ಸೋಯಾ. ಮಗುವಿಗೆ ಪುಷ್ಟಿ ಕೊಡುವಂಥದ್ದು ಅದರಲ್ಲಿ ಏನೂ ಇರಲಿಲ್ಲ, ಆದರೆ ಹಾಲೂ ಇರಲಿಲ್ಲ. ಅವಳು ಕಪ್ಪು ಚೂರುಗಳನ್ನು ಮೊದಲು ಕಿತ್ತು ತಿಂದು, ಉಳಿದದ್ದನ್ನು ಆಮೇಲೆ ತಿನ್ನುತ್ತಿದ್ದಳು.

ಅತ್ತೆಗೆ ಓದಲು ಬಾರದು. ಬಂದಿದ್ದರೂ ಅದು ಇಂಗ್ಲಿಷಿನಲ್ಲಿ, ಸಾಸಿವೆ ಕಾಳಿಗಿಂತ ಸಣ್ಣ ಅಕ್ಷರದಲ್ಲಿತ್ತು. ಕೆಂಪು ಪ್ಯಾಕೆಟ್ಟು, ಮೇಲೆ ಅಳಿಲಿನ ಚಿತ್ರ, ಇದೊಂದೇ ಕೊಡಬಹುದು ಎಂದು ಹೇಳಿಕೊಟ್ಟಿದ್ದೆ.

ಒಂದು ಮಧ್ಯಾಹ್ನ ನಾನು ಕೆಲಸದಲ್ಲಿದ್ದಾಗ ಗಂಡ ಫೋನ್ ಮಾಡಿದರು. ಮಗೂಗೆ ಉಸಿರು ಕಟ್ತಾ ಐತೆ, ಸಾತನೂರು ಆಸ್ಪತ್ರೆಲಿ ಇಂಜೆಕ್ಷನ್ ಕೊಟ್ಟವ್ರೆ, ಕನಕಪುರಕ್ಕೆ ಕರ್ಕಂಡ್ ಹೋಯ್ತಾ ಇದ್ದೀವಿ ಎಂದರು. ನಾನು ಬಸ್ಸಿನಲ್ಲಿ ಹೇಗೆ ಕನಕಪುರ ತಲುಪಿದೆನೋ ತಿಳಿಯದು. ವಾರ್ಡಿಗೆ ಹೋದಾಗ ಮಗಳ ಮೂಗಿಗೆ ಆಕ್ಸಿಜನ್ ಹಾಕಿದ್ದರು. ಕಣ್ಣು ಊದಿ ಮುಚ್ಚಿಹೋಗಿದ್ದವು. ಅತ್ತೆ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದರು.

ಗಂಡ ಜೇಬಿನಿಂದ ಕೆಂಪು ಪ್ಯಾಕೆಟ್ಟು ತೆಗೆದು ಡಾಕ್ಟರಿಗೆ ತೋರಿಸಿದರು. ಅವರು ತಿರುಗಿಸಿ ಓದಿ, "ಇದ್ರಲ್ಲಿ ಹಾಲಿನ ಪುಡಿ ಇದೆಯಲ್ಲ" ಎಂದರು.

ಗಂಡ ತಾಯಿಯ ಕಡೆ ತಿರುಗಿದರು. "ಇವ್ಳು ನಿಂಗೆ ಎಷ್ಟ್ ಕಿತ ಹೇಳವ್ಳೆ? ನಂಬ್ಕೆ ಬರ್ನಿಲ್ಲ ಅಂತ ಬ್ಯಾರೆ ಪಾಕೀಟು ತಂದು ಮಗೀಗೆ ತಿನ್ಸಿ ನೋಡ್ದ್ಯಾ?"

"ಅದೇ ಪಾಕೀಟು ಕಣಪ್ಪ. ಅದೇ ಕೆಂಪು, ಅದೇ ಅಳಿಲು. ಮಗು ಕೇಳ್ತು ಅಂತ ಸಾತ್ನೂರ್‌ಗೆ ಹೋಗಿ ನಾನೇ ತಂದೆ."

"ಸುಳ್ಳು ಹೇಳ್ಬೇಡ." ವಾರ್ಡಿನಲ್ಲಿದ್ದವರೆಲ್ಲ ಕೇಳಿಸಿಕೊಂಡರು.

ಮಗಳು ಉಳಿದಳು. ಮನೆಗೆ ಬಂದ ಮೇಲೆ ಡಬ್ಬಿಯಲ್ಲಿದ್ದ ಹಳೆಯ ಪ್ಯಾಕೆಟ್ಟನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಿದೆ. ಅದೇ ಕೆಂಪು, ಅದೇ ಅಳಿಲು. ಹೊಸದರ ಮೂಲೆಯಲ್ಲಿ ಮಾತ್ರ 'ಹೊಸ ರುಚಿ' ಎಂಬ ಅರ್ಥದ ಎರಡು ಇಂಗ್ಲಿಷ್ ಪದಗಳಿದ್ದವು. ಹಿಂದೆ ಪದಾರ್ಥಗಳ ಸಾಲಿನ ನಡುವೆ ಮಿಲ್ಕ್ ಸಾಲಿಡ್ಸ್ ಬಂದು ಸೇರಿಕೊಂಡಿತ್ತು.

ಕಂಪನಿಗೆ ಫೋನ್ ಮಾಡಿದೆ. ಎತ್ತಿದವಳು ಬಹಳ ವಿನಯದ ಹುಡುಗಿ. "ಮೇಡಂ, ಬದಲಾವಣೆಯನ್ನ ಪ್ಯಾಕ್ ಮೇಲೆ ಪ್ರಿಂಟ್ ಮಾಡಿದ್ದೀವಿ. ಪ್ರತಿ ಸಲ ಓದಿ ಬಳಸಬೇಕು."

"ನಮ್ಮತ್ತೆಗೆ ಓದು ಬರಲ್ಲ" ಎಂದೆ.

"ತೊಂದ್ರೆ ಆಗಿದ್ದಕ್ಕೆ ಸಾರಿ ಮೇಡಂ. ಅಡ್ರೆಸ್ ಕೊಟ್ರೆ ನಮ್ಮ ಕುಕೀಸ್ ಗಿಫ್ಟ್ ಬಾಕ್ಸ್ ಒಂದು ಕಳಿಸ್ತೀವಿ."

ನಾನು ಫೋನ್ ಇಟ್ಟುಬಿಟ್ಟೆ.

ಗಂಡನಿಗೆ ಎರಡೂ ಪ್ಯಾಕೆಟ್ಟು ತೋರಿಸಿದೆ. ನೋಡಿದರು, ಮಡಿಸಿ ವಾಪಸು ಕೊಟ್ಟರು. "ಆಯ್ತು ಬುಡು, ಮಗು ಉಳೀತಲ್ಲ."

"ನಿಮ್ಮವ್ವಂಗೆ ಒಂದು ಮಾತು ಹೇಳಿ."

"ಅವ್ವಂಗೆ ಹೇಳಕೆ ಏನೈತೆ" ಎಂದು ತೋಟದ ಕಡೆ ಹೋದರು.

ನಾನೇ ಕೊಟ್ಟಿಗೆಗೆ ಹೋಗಿ, ಬದಲಾಗಿದ್ದು ಬಿಸ್ಕತ್ತು, ತಪ್ಪು ನಿಮ್ಮದಲ್ಲ ಎಂದು ಹೇಳಿದೆ. ಅತ್ತೆ ಹಸುವಿನ ಕೆಚ್ಚಲು ತೊಳೆಯುತ್ತಿದ್ದರು, ಕೈ ನಿಲ್ಲಿಸಲಿಲ್ಲ. "ನೀನು ಹೇಳ್ತಿದ್ದೀಯ ಕಣವ್ವ. ಹೇಳ್ಬೇಕಾದೋನು ಹೇಳ್ನಿಲ್ಲವಲ್ಲ" ಎಂದರು.

ಅವರು ಜಗಳವಾಡಲಿಲ್ಲ, ಅಳಲೂ ಇಲ್ಲ. ಮಗುವಿನ ಊಟದಿಂದ ಕೈ ತೆಗೆದುಬಿಟ್ಟರು, ಅಷ್ಟೇ. ತಲೆ ಬಾಚುತ್ತಾರೆ, ಅಂಗನವಾಡಿಗೆ ಬಿಟ್ಟು ಬರುತ್ತಾರೆ, ಮಡಿಲಲ್ಲಿ ಮಲಗಿಸಿಕೊಳ್ಳುತ್ತಾರೆ. ಆದರೆ ಮುಂಚೆಯಂತೆ ಒಂದು ತುತ್ತನ್ನೂ ಅದರ ಬಾಯಿಗಿಡುವುದಿಲ್ಲ. ಬೆಳಿಗ್ಗೆ ನಾನೇ ಅವಳ ಮಧ್ಯಾಹ್ನದ ಊಟ ಡಬ್ಬಿಗೆ ಹಾಕಿಟ್ಟು ಹೋಗುತ್ತೇನೆ. ಅತ್ತೆ ಅದರ ಮುಚ್ಚಳವನ್ನೂ ತೆಗೆಯುವುದಿಲ್ಲ, ಅವಳೇ ತೆಗೆದುಕೊಂಡು ತಿನ್ನುತ್ತಾಳೆ.

ಮೊನ್ನೆ ಬಸ್ಸು ತಡವಾಯಿತು. ಮನೆ ಸೇರುವಾಗ ದೀಪ ಹಚ್ಚಿದ್ದರು. ಮಗಳು ಖಾಲಿ ತಟ್ಟೆ ಇಟ್ಟುಕೊಂಡು, ಹಸಿವಿಗೆ ಅತ್ತು ಸುಸ್ತಾಗಿ ಅಡುಗೆಮನೆಯಲ್ಲಿ ಕೂತಿದ್ದಳು. ಅತ್ತೆ ಅವಳ ಪಕ್ಕದಲ್ಲೇ ಇದ್ದರು. ಅವರ ಕಣ್ಣೂ ಕೆಂಪಾಗಿತ್ತು.

"ಮುದ್ದೆ ಬಿಸಿಯಾಗೇ ಐತೆ" ಎಂದರು ನನ್ನನ್ನು ನೋಡದೆ. "ನೀನೇ ಇಕ್ಕು."