ಸೈಕಲ್ ಏರಿದ ಇರುವೆಗಳು

ನಮ್ಮ ಮನೆಯ ಸೈಕಲ್ಲಿಗೆ ಇರುವೆ ಹತ್ತಿದ್ದನ್ನು ನೋಡಿದವನು ನಾನೇ. ಬೆಳಿಗ್ಗೆ ಚಹಾ ಹಿಡಿದು ಪಡಸಾಲೆಗೆ ಬಂದರೆ ಕೆಂಪಿರುವೆಯ ಸಾಲು ಗೋಡೆಯಿಂದ ಇಳಿದು, ನೆಲ ದಾಟಿ, ಮುಂದಿನ ಗಾಲಿ ಏರಿ, ಶಾಕಪ್ಪಿನ ಕುತ್ತಿಗೆಗೆ ಮುತ್ತಿಕೊಂಡಿತ್ತು. ಬೆಲ್ಲಕ್ಕೆ ಇರುವೆ ಹತ್ತುವುದನ್ನು ಕಂಡಿದ್ದೇನೆ, ಸತ್ತ ಜಿರಳೆಗೆ ಹತ್ತುವುದನ್ನೂ ಕಂಡಿದ್ದೇನೆ. ಕಬ್ಬಿಣಕ್ಕೆ ಹತ್ತುವುದನ್ನು ಕಂಡಿರಲಿಲ್ಲ. "ಇವಕ್ಕೇನ ತಲಿ ಕೆಟ್ಟೈತೇನ!" ಎಂದು ಬೈದು, ಹಳೆ ಬಟ್ಟೆಯಿಂದ ಒರೆಸಿ ನನ್ನ ಪಂಪ್ ರಿಪೇರಿ ಅಂಗಡಿಗೆ ಹೋದೆ.

ಸೈಕಲ್ ಅಂದರೆ ಸಾದಾ ಸೈಕಲ್ ಅಲ್ಲ. ಹರೆಯದಲ್ಲಿ ಪುಣೆಯ ಪಂಪಿನ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದಾಗ ಹಳೆ ಸಾಮಾನಿನ ಬಜಾರದಲ್ಲಿ ಕೊಂಡ ಮೌಂಟನ್ ಬೈಕು, ಪರದೇಶದ್ದು. ಗುಡ್ಡ ಹತ್ತಲು ಮಾಡಿದ ಸೈಕಲ್ಲನ್ನು ಗುಡ್ಡವೇ ಇಲ್ಲದ ನಮ್ಮೂರು ಇಂಡಿಗೆ ತಂದೆನೆಂದು ಆಗ ಗೆಳೆಯರು ನಕ್ಕಿದ್ದರು. ಅದರ ಮುಂದಿನ ಗಾಲಿಯ ಎರಡೂ ಬದಿಗೆ ಮೋಟರ್‌ಸೈಕಲ್ಲಿಗೆ ಇರುವಂಥ ಶಾಕಪ್ಪು. ಕೊಳವೆಯೊಳಗೆ ಕೊಳವೆ, ನಡುವೆ ಸ್ಪ್ರಿಂಗು ಮತ್ತು ಎಣ್ಣೆ. ರಸ್ತೆಯ ಏಟನ್ನು ಅದು ತಾನು ನುಂಗುತ್ತದೆ, ಕೈಗೆ ಬಿಡುವುದಿಲ್ಲ.

ನನಗೆ ಈಗ ಮೋಟರ್‌ಸೈಕಲ್ಲೇ ಸಾಕು. ಆ ಸೈಕಲ್ ಹೊಡೆಯುವವಳು ನನ್ನ ಹೆಂಡತಿ. ಬಸವನ ಬಾಗೇವಾಡಿಯಲ್ಲಿ ಹುಡುಗಿಯಾಗಿದ್ದಾಗ ಅಣ್ಣನ ಸೈಕಲ್ ಕದ್ದು ಹೊಡೆದವಳು, ಮದುವೆಯಾದ ಮೇಲೆ ಮುಟ್ಟಿರಲಿಲ್ಲ. ಮಕ್ಕಳ ಲಗ್ನ ಮುಗಿದ ಮೇಲೆ ಒಂದು ದಿನ ಚೂಡಿದಾರ ಹಾಕಿಕೊಂಡು ಬಂದು, "ಇದನ್ನ ಗ್ವಾಡಿಗೆ ಆನಿಸಿಟ್ಟು ಪೂಜಿ ಮಾಡ್ತೀರೇನ?" ಎಂದು ಕೇಳಿ ಹತ್ತಿಯೇಬಿಟ್ಟಳು. ಅವಳ ಅಕ್ಕ ಹತ್ತಿರದ ಹಳ್ಳಿ ಲಚ್ಯಾಣದಲ್ಲಿದ್ದಾರೆ. ಬಸ್ಸಿಗೆ ಕಾಯದೆ, ನನ್ನ ಮುಖ ನೋಡದೆ, ಮನಸ್ಸು ಬಂದಾಗ ಹೋಗಿಬರುವುದು ಅವಳಿಗೆ ರೂಢಿಯಾಯಿತು. ಲಿಂಬಿ ತೋಟಗಳ ನಡುವಿನ ಆ ದಾರಿಯಿಂದ ಬಂದಾಗ ಅವಳ ಮುಖವೇ ಬೇರೆ ಇರುತ್ತಿತ್ತು.

ಹೋದ ವರ್ಷ ಅವಳು ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಳು. ಒಳಗೆ ಪ್ಲೇಟು ಹಾಕಿದರು. ಕೈ ಆಡಿಸಬಹುದು, ಆದರೆ ಏಟು ಬೀಳಬಾರದು ಎಂದರು ಡಾಕ್ಟರು. ಸೈಕಲ್ ಬಿಡು ಅಂದರೆ ಕೇಳಬೇಕಲ್ಲ! ಶಾಕಪ್ ಇದೆ, ಏಟು ಬೀಳುವುದಿಲ್ಲ ಎಂದು ವಾದ. ಕಡೆಗೆ ನಾನೊಂದು ಕರಾರು ಹಾಕಿದೆ: "ಒಂದ ಸಲ ಕೈ ನೋತು ಅಂದ್ರೂ ಸೈಕಲ್ ಬಂದ್. ಅಟ್ಟಕ್ಕ ಏರಸ್ತೇನಿ. ತಿಳೀತಿಲ್ಲೋ?" ಅವಳು ತಲೆಯಾಡಿಸಿದಳು. ಅಂದಿನಿಂದ ಅವಳು ಬಂದೊಡನೆ ನಾನು ಕೇಳುವುದು ಒಂದೇ, "ಕೈಗೆ ತ್ರಾಸ ಆತೇನ?" ಅವಳು ಹೇಳುವುದೂ ಒಂದೇ, "ಏನಿಲ್ಲ ಬಿಡ್ರಿ."

ಮಾರನೆಯ ದಿನವೂ ಇರುವೆ ಬಂದವು. ಈಗ ನನಗೆ ಸಿಟ್ಟು ಬಂತು. ಕನ್ನಡಕ ಹಾಕಿಕೊಂಡು ಕುಕ್ಕರಗಾಲಲ್ಲಿ ಕುಳಿತು ನೋಡಿದೆ. ಒಳಗಿನ ಕೊಳವೆಯ ಸುತ್ತ ಎಣ್ಣೆಯ ಉಂಗುರ, ಅದಕ್ಕೆ ಕರಿಮಣ್ಣಿನ ಧೂಳು ಮೆತ್ತಿ ಹಿಟ್ಟಾಗಿತ್ತು. ಎಣ್ಣೆ ತಡೆಯುವ ರಬ್ಬರ್ ಸೀಲು ಹೋಗಿದೆ, ಎಣ್ಣೆ ಸೋರುತ್ತಿದೆ. ಪಂಪಿನಲ್ಲಿ ದಿನಾ ನೋಡುವ ರೋಗ ಇದು. ಆದರೆ ಉಂಗುರದ ಮೇಲೆ ಉಂಗುರ ಕಟ್ಟುವಷ್ಟು ದಿನ ಸೋರಿದ್ದರೆ ಒಳಗಿನ ಎಣ್ಣೆ ಎಂದೋ ಮುಗಿಯಬೇಕಿತ್ತು. ಹ್ಯಾಂಡಲ್ ಹಿಡಿದು ಮೈಭಾರ ಬಿಟ್ಟು ಒತ್ತಿದೆ. ಶಾಕಪ್ ಅಲುಗಲಿಲ್ಲ. ಇನ್ನೊಮ್ಮೆ ಒತ್ತಿದಾಗ ಕಿರ್ರೆಂದು ತುಸು ಇಳಿದು ಅಲ್ಲೇ ನಿಂತಿತು.

ರವಿವಾರ ಅಂಗಡಿ ಬಂದ್ ಇತ್ತು. ಅಂಗಳದಲ್ಲಿ ಗೋಣಿಚೀಲ ಹಾಸಿ ಬೋಲ್ಟು ಬಿಚ್ಚುವ ಪಾನಾಗಳನ್ನು ಹರವಿದೆ. ನಮ್ಮಾಕೆ ಬಾಗಿಲಲ್ಲಿ ನಿಂತು, "ಯಾಕ ಬಿಚ್ಚತೀರಿ? ಚಲೋ ನಡದೈತಲ್ರಿ" ಎಂದಳು. ಬಿಚ್ಚಬೇಡ ಎಂದರೆ ನನ್ನ ಕೈ ಇನ್ನೂ ಜೋರು. ಗಾಲಿ ತೆಗೆದು, ಕೊಳವೆಯ ಬುಡದ ಬೋಲ್ಟು ಸಡಿಲಿಸಿ, ಮರದ ಸುತ್ತಿಗೆಯಿಂದ ತಟ್ಟಿ ಎಳೆದೆ. ಹೊರಗಿನ ಕೊಳವೆ ಕಳಚಿ ಬಂತು. ತಗಡಿನ ಡಬ್ಬಿಗೆ ಬೋರಲು ಹಾಕಿದರೆ ಎಣ್ಣೆ ಹರಿಯಲಿಲ್ಲ, ಗಟ್ಟಿ ಪಾಕದ ಹಾಗೆ ಎಳೆಎಳೆಯಾಗಿ ಜೋತುಬಿತ್ತು. ಮೂಸಿದೆ. ಮಿರ್ಚಿ ಭಜಿ ಕರಿಯುವ ಗಾಡಿಯ ಹತ್ತಿರ ನಿಂತಂತಾಯಿತು.

ಕುಸುಬಿ ಎಣ್ಣೆ! ನಮ್ಮ ಮನೆಯಲ್ಲಿ ಚಟ್ನಿಪುಡಿಗೆ ಹಾಕಿಕೊಳ್ಳುವ, ಗಾಣದಿಂದ ತಂದ ಅದೇ ಕುಸುಬಿ ಎಣ್ಣೆ. ಅದು ಒಣಗಿದರೆ ಅಂಟಾಗುತ್ತದೆ. ಎಣ್ಣೆ ಡಬ್ಬಿಯ ಬಾಯಿಯಲ್ಲಿ ಕಟ್ಟುವ ಹಳದಿ ಮೇಣ ನೋಡಿದವರಿಗೆ ಗೊತ್ತು. ಇರುವೆಗಳ ತಲೆ ಕೆಟ್ಟಿರಲಿಲ್ಲ.

"ಯಾವ ಶ್ಯಾಣ್ಯಾ ಇದನ್ನ ಹಾಕ್ಯಾನ?" ಎಂದು ಕೂಗಿದೆ. ಓಣಿಗೆಲ್ಲ ಕೇಳಿಸಿರಬೇಕು. ಮನೆಯಲ್ಲಿ ಇದ್ದವರು ನಾವಿಬ್ಬರೇ.

ಅವಳು ಒಳಗೆ ಹೋಗಿ ತುಪ್ಪ ಬಡಿಸುವ ಪುಟ್ಟ ಮಿಳ್ಳಿ ತಂದು ನನ್ನ ಮುಂದಿಟ್ಟಳು. "ಇದರಲೆ ಹಾಕೇನಿ. ಮ್ಯಾಲಿನ ಮುಚ್ಚಳ ಕೈಲೆ ತಿರುವಿದ್ರ ಬಿಚ್ಚತೈತಿ. ಸೋರಿದಂಗ ಸೋರಿದಂಗ ಹಾಕ್ಕೋತ ಬಂದೇನಿ."

"ನನಗ ಹೇಳಾಕ ಬಾಯಿ ಇರಲಿಲ್ಲೇನ? ಇದರ ಸಂಬಂಧ ಶಾಕಪ್ ಹಿಡದು ಕುಂತೈತಿ. ಅಷ್ಟೂ ಏಟ ನಿನ್ನ ಕೈಗೇ ಬಿದ್ದಾವು!"

"ಬಿದ್ದಾವು."

"ಮತ್ತ ಏನಿಲ್ಲ ಏನಿಲ್ಲ ಅಂತಿದ್ದಿ?"

"ನೋತು ಅಂದಿದ್ರ ಸೈಕಲ್ ಅಟ್ಟಕ್ಕ ಏರತಿತ್ತು" ಎಂದಳು. "ಕೈ ನೋತ್ರ ನೋಯ್ಲಿ. ಸೈಕಲ್ ಹೋತಂದ್ರ ಮತ್ತ ಎಲ್ಲಿಗೆ ಹೋಗೂದಿದ್ರೂ ನಿಮ್ಮನ್ನ ಕೇಳಬೇಕಲ್ರಿ."

ನಾನು ಕರಾರು ಹಾಕಿದ್ದು ಅವಳ ಕೈ ಉಳಿಯಲಿ ಎಂದು. ಅವಳು ಕಲಿತದ್ದು ನೋವು ಮುಚ್ಚಿಡುವುದನ್ನು. ಡಬ್ಬಿಯಲ್ಲಿದ್ದ ಅಂಟನ್ನು ಕಡ್ಡಿಯಿಂದ ಕೆದಕುತ್ತ ಕುಳಿತೆ. ಅವಳು ಮಿಳ್ಳಿ ಎತ್ತಿಕೊಂಡು ಒಳಗೆ ಹೋದಳು.

ಹಳೆ ಸೀಲು ಕಿತ್ತು ಅಳತೆ ತೆಗೆದೆ. ಆ ಕಂಪನಿಯ ಸಾಮಾನು ಈಗ ಎಲ್ಲಿ ಸಿಗಬೇಕು? ಆದರೆ ಸೀಲಿಗೆ ಬೇಕಾದದ್ದು ಅಳತೆ, ಊರು ಕೇರಿ ಅಲ್ಲ. ಸೋಮವಾರ ಸಿಂದಗಿಗೆ ಹೋಗಿ, ನನಗೆ ಪಂಪಿನ ಸಾಮಾನು ಕೊಡುವ ಬೇರಿಂಗ್ ಅಂಗಡಿಯಲ್ಲಿ ಹುಡುಕಿಸಿದೆ. ಅಂಗಡಿಯವರು ಡಬ್ಬಿಗಳನ್ನೆಲ್ಲ ಕೆಳಗಿಳಿಸಿ, ಅದೇ ಒಳಸುತ್ತು ಹೊರಸುತ್ತಿನ ಜೋಡಿ ಸೀಲು ಕೊಟ್ಟರು. ಮೋಟರ್‌ಸೈಕಲ್ ಶಾಕಪ್ಪಿಗೆ ಹಾಕುವ ಎಣ್ಣೆಯನ್ನೂ ತಂದೆ.

ಸಂಜೆ ಪೆಟ್ರೋಲಿನಲ್ಲಿ ಬಟ್ಟೆ ಅದ್ದಿ ಕೊಳವೆಗಳ ಒಳಗೆಲ್ಲ ಉಜ್ಜಿದೆ. ಕುಸುಬಿ ಎಣ್ಣೆ ಅಷ್ಟು ಸುಲಭಕ್ಕೆ ಬಿಡುವುದಲ್ಲ, ತೋಳು ಸೋತು ಬಂತು. ಹೊಸ ಸೀಲಿನ ತುಟಿಗೆ ಎಣ್ಣೆ ಸವರಿ, ಮೇಲೊಂದು ಪಿವಿಸಿ ಪೈಪಿನ ತುಂಡು ಇಟ್ಟು, ಸೊಟ್ಟಗಾಗದಂತೆ ಮೆಲ್ಲಗೆ ಬಡಿದು ಕೂಡಿಸಿದೆ. ಕೊಳವೆ ಸೇರಿಸಿ, ಎಣ್ಣೆ ಅಳೆದು ಹಾಕಿ, ಬೋಲ್ಟು ಬಿಗಿದೆ. "ಬಾ ಇಲ್ಲೆ, ಒತ್ತಿ ನೋಡು" ಎಂದು ಕರೆದೆ. ಅವಳು ಎಡಗೈಯಿಂದ ಒತ್ತಿದಳು. ಶಾಕಪ್ ಸದ್ದಿಲ್ಲದೆ ಇಳಿದು ಮೇಲೆ ಬಂತು. ಆಮೇಲೆ ಬಲಗೈಯಿಂದಲೂ ಒತ್ತಿ, ನನ್ನ ಮುಖ ನೋಡಿ ನಕ್ಕಳು.

"ನೋಡು," ಎಂದೆ, "ಸೈಕಲ್ ನಿಂದು. ಅಟ್ಟಕ್ಕ ಏರಸೂದು ಗಿರಸೂದು ಏನಿಲ್ಲ. ನೋತ್ರ ನೋತು ಅನ್ನು, ಇಷ್ಟ."

"ಆತು ಬಿಡ್ರಿ" ಎಂದಳು. ನಂಬಿದಂತೆ ಕಾಣಲಿಲ್ಲ.

ಎರಡು ದಿನ ಕಳೆದು ಬೆಳಿಗ್ಗೆ ಲಚ್ಯಾಣಕ್ಕೆ ಹೊರಟಳು. ನಾನು ಅಂಗಡಿಗೆ ಹೋದೆನಾದರೂ ಕೆಲಸದ ಮೇಲೆ ಜೀವ ಇರಲಿಲ್ಲ. ಮಧ್ಯಾಹ್ನ ಊಟದ ನೆಪ ಮಾಡಿ ಬೇಗ ಮನೆಗೆ ಬಂದು ಕಟ್ಟೆಯ ಮೇಲೆ ಕುಳಿತೆ. ಅವಳು ಬಂದು ಇಳಿದದ್ದೇ ಬಗ್ಗಿ ಕೊಳವೆಗೆ ಬೆರಳು ಸವರಿದೆ. ಒಣ ಧೂಳು, ಎಣ್ಣೆಯ ಪಸೆ ಇಲ್ಲ. ಆಮೇಲೆ ದಿನದ ಪ್ರಶ್ನೆ ಕೇಳಿದೆ.

"ಕೈಗೆ ತ್ರಾಸ ಆತೇನ?"

ಅವಳು ನನ್ನ ಪಕ್ಕ ಕಟ್ಟೆಯ ಮೇಲೆ ಕುಳಿತಳು. ಆಮೇಲೆ ಬಲಗೈ ತಂದು ನನ್ನ ತೊಡೆಯ ಮೇಲೆ ಇಟ್ಟಳು.

"ಸ್ವಲ್ಪ ನೋಯಾಕತ್ತೈತ್ರಿ. ನಾಳಿ ಹೋಗಂಗಿಲ್ಲ. ನಾಡದ ಹೋಗ್ತೇನಿ."

ಹೆಂಡತಿ ಕೈ ನೋಯುತ್ತದೆ ಎಂದರೆ ಯಾವನಾದರೂ ಖುಷಿಪಡುತ್ತಾನೆಯೇ? ನಾನು ಪಟ್ಟೆ. ಒಳಗೆ ಹೋಗಿ ಅದೇ ಮಿಳ್ಳಿಯಲ್ಲಿ ಕುಸುಬಿ ಎಣ್ಣೆ ಬೆಚ್ಚಗೆ ಮಾಡಿಕೊಂಡು ಬಂದೆ.