ಮೂರೂರಿನ ವಿಳಾಸಕ್ಕೆ ಬಂದ ರೊಟ್ಟಿ

ಬೆಂಗಳೂರಿನ ಬಿಟಿಎಂ ಲೇಔಟ್‌ನಲ್ಲಿ ನನಗೆ ಮನೆ ಬಾಡಿಗೆಗೆ ಕೊಟ್ಟ ಓನರ್ ಅಂಕಲ್, ಅಡ್ವಾನ್ಸಿನ ಮಾತಿಗೂ ಮುಂಚೆ ಕೇಳಿದ್ದು ಒಂದೇ ಪ್ರಶ್ನೆ: "ಬಿಟಿಎಂ ಅಂದ್ರೆ ಏನಮ್ಮಾ?"

ಬಸ್ಸಿನ ಬೋರ್ಡಿನ ಮೇಲೆ ಬರೆದಿರೋದು ಅಂದೆ. ಅವರ ಮುಖ ಸಪ್ಪಗಾಯಿತು.

"ಬೈರಸಂದ್ರ, ತಾವರೆಕೆರೆ, ಮಡಿವಾಳ. ನಡುವೆ ಟಿ ಇದ್ಯಲ್ಲ, ಅದು ನಮ್ಮೂರು. ಈ ಹಾಲ್ ಇರೋ ಕಡೆ ನಾನು ರಾಗಿ ಬೆಳೀತಿದ್ದೆ. ಇಡೀ ಊರನ್ನ ಒಂದಕ್ಷರ ಮಾಡಿ ಕೂರಿಸ್ಬಿಟ್ರು."

ಹಾಗಾಗಿ ಅವರದೊಂದು ಷರತ್ತು. ಅವರ ಬಾಡಿಗೆದಾರರು ವಿಳಾಸದಲ್ಲಿ ಮೂರೂ ಊರಿನ ಹೆಸರನ್ನು ಪೂರ್ತಿ ಬರೆಯಬೇಕು. ನನಗೆ ಮನೆ ಸಿಕ್ಕರೆ ಸಾಕಾಗಿತ್ತು. ಒಪ್ಪಿದೆ.

ಆ ವರ್ಷ ಸಂಕ್ರಾಂತಿಗೆ ಆಫೀಸಿನಲ್ಲಿ ರಜೆ ಕೊಡಲಿಲ್ಲ. ಹಬ್ಬಕ್ಕೆ ಊರು ತಪ್ಪಿದ್ದು ಅದೇ ಮೊದಲು. ಅವ್ವ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ ಕಟ್ಟಿ ಕೊರಿಯರ್ ಮಾಡಿದಳು. ನಾನು ಫೋನಿನಲ್ಲಿ ಹೇಳಿದ ವಿಳಾಸವನ್ನು ದಪ್ಪ ದಪ್ಪ ಅಕ್ಷರದಲ್ಲಿ ಬರೆದಿದ್ದಾಳೆ. ಮೂರು ಊರು ಮುಗಿಯುವಷ್ಟರಲ್ಲಿ ಚೀಟಿ ತುಂಬಿದೆ. ಮನೆ ನಂಬರಿಗೂ ಫೋನ್ ನಂಬರಿಗೂ ಜಾಗವೇ ಇಲ್ಲ.

"ಊರಿನ ಹೆಸರು ಹೇಳಿದ್ರ ಮಂದಿ ಮನಿ ತೋರ್ಸಂಗಿಲ್ಲೇನು?" ಎಂದು ನನ್ನನ್ನೇ ದಬಾಯಿಸಿದಳು.

ಪಾರ್ಸೆಲ್ ಬೈರಸಂದ್ರ ನೋಡಿತು, ತಾವರೆಕೆರೆ ನೋಡಿತು. ಅವ್ವ ಕಳಿಸಿದ ರಸೀದಿ ನಂಬರ್ ಹಾಕಿ ನಾನು ಮೊಬೈಲಿನಲ್ಲಿ ಅದರ ಊರೂರು ಸುತ್ತಾಟ ನೋಡುತ್ತಾ ಕೂತೆ. ಹಬ್ಬದ ಬೆಳಿಗ್ಗೆ ಬ್ರೆಡ್ ತಿನ್ನುತ್ತಾ ಅತ್ತುಬಿಟ್ಟೆ. ಎಳ್ಳು-ಬೆಲ್ಲ ಕೊಡಲು ಬಂದ ಅಂಕಲ್ ವಿಷಯ ಕೇಳಿದರು, ಸೀದಾ ಸ್ಕೂಟರ್ ಹತ್ತಿದರು.

ಮಧ್ಯಾಹ್ನ ಬೆವರು ಸುರಿಸಿಕೊಂಡು ಬಂದರು. ಕೈಯಲ್ಲಿ ಪಾರ್ಸೆಲ್.

"ಬಿ ನೋಡ್ದೆ, ಟಿ ನೋಡ್ದೆ, ಕೊನೆಗೆ ಎಂನಲ್ಲಿ ಸಿಕ್ತು."

ಅವರ ಬಾಯಲ್ಲೇ ಒಂದೊಂದಕ್ಷರ! ನಗು ತಡೆಯಲು ತುಟಿ ಕಚ್ಚಿಕೊಂಡೆ.

"ಇನ್ಮೇಲೆ ಸುಮ್ನೆ ಬಿಟಿಎಂ ಅಂತ ಬರ್ಕೊಳಮ್ಮಾ. ರೊಟ್ಟಿ ಬಂದ್ರೆ ಸಾಕು," ಎಂದರು. ಹೇಳುವಾಗ ಅವರ ದನಿ ಇಳಿದಿತ್ತು. ನನಗೆ ಪಾಪ ಅನ್ನಿಸಿತು.

ರೊಟ್ಟಿಯೆಲ್ಲ ಚೂರುಚೂರು. ಮೊಸರು ಹಾಕಿ ಇಬ್ಬರಿಗೂ ಕಲಸಿದೆ. ತಿನ್ನುತ್ತಾ ಕೇಳಿದರು, "ನಿಮ್ಮದು ಯಾವೂರಮ್ಮಾ?"

"ಹುಬ್ಬಳ್ಳಿ ಹತ್ರರೀ."

"ಹತ್ರ ಅಂತ ಊರಿರುತ್ತಾ? ಹೆಸರು ಹೇಳು."

ಬೆಂಗಳೂರಿಗೆ ಬಂದ ಮೇಲೆ ಆ ಹೆಸರನ್ನು ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ತಟ್ಟೆ ಕೆಳಗಿಟ್ಟೆ. ಹೇಳಿದೆ. ಅಂಕಲ್ ಬಾಯಲ್ಲಿದ್ದ ತುತ್ತು ನುಂಗಿ, ನಮ್ಮೂರಿನ ಹೆಸರನ್ನು ನಿಧಾನವಾಗಿ, ಪೂರ್ತಿಯಾಗಿ ಹೇಳಿದರು.