ಅಣ್ಣನ ಬೋರಿನ ನೀರು

ನಮ್ಮ ಚಿನಕುರಳಿ ಕಡೆ ಪುಷ್ಯದ ಚಳಿಯಲ್ಲಿ ಮೇಕೆಗಳು ತಣ್ಣೀರು ಮುಟ್ಟುವುದಿಲ್ಲ. ಬೋರಿನಿಂದ ಆಗತಾನೇ ಬಂದ ನೀರು ಬೆಚ್ಚಗಿರುತ್ತದೆ, ಅದನ್ನಾದರೆ ಕುಡಿಯುತ್ತವೆ. ಆ ವರ್ಷ ಅಣ್ಣನೂ ನಾನೂ ಭಾಗವಾಗಿ ಮಾತು ಬಿಟ್ಟಿದ್ದೆವು. ಬೋರು ಅವನ ಪಾಲಿಗೆ ಹೋಗಿತ್ತು. ನನ್ನ ಮೇಕೆಗಳಿಗೆ ನಾಲೆಯ ನೀರೇ ಗತಿ.

ಎರಡು ಮರಿ ಹಾಕಿದ್ದ ಮೇಕೆಯೊಂದು ನೀರು ಕುಡಿಯುವುದನ್ನೇ ಬಿಟ್ಟಿತು, ಕೆಚ್ಚಲು ಬತ್ತಿತು. ಹಂಡೆಯಲ್ಲಿ ನೀರು ಕಾಯಿಸಿ ರಾಗಿಹಿಟ್ಟು ಕದಡಿ ಇಟ್ಟೆ. ಹೊಗೆಯ ವಾಸನೆಗೆ ಅದು ಮೂತಿ ತಿರುವಿತು.

"ನಿಮ್ಮಣ್ಣನ ತಾವ ಎರಡು ಬಿಂದಿಗೆ ತಂದ್ರೆ ನಿನ್ ಮೀಸೆ ಉದುರೋಯ್ತದಾ?" ಎಂದಳು ಹೆಂಡತಿ.

"ನೀರ್ಗೋಸ್ಕರ ಅವನ ಮುಂದೆ ನಿಲ್ಲಾಕಿಲ್ಲ ಕಣೆ, ಬುಡು," ಎಂದೆ.

ಮರುದಿನ ಬೆಳಿಗ್ಗೆ ಸಣ್ಣ ಮರಿ ಸತ್ತಿತ್ತು. ಹೂಳಲು ಬದುವಿನಲ್ಲಿ ಗುಂಡಿ ತೋಡುತ್ತಿದ್ದಾಗ ಅಣ್ಣ ಬಂದು ನೋಡಿದ.

"ತಾಯಿನ ಹೊಡ್ಕೊಂಡ್ ಬಾರ್ಲಾ, ಕರೆಂಟು ಹೋಯ್ತದೆ," ಎಂದವನೇ ತಿರುಗಿ ನಡೆದ.

ಹೊಡೆದುಕೊಂಡು ಹೋದೆ. ತೊಟ್ಟಿಗೆ ಬಾಯಿಟ್ಟ ಮೇಕೆ ತಲೆಯೆತ್ತದೆ ಕುಡಿಯಿತು. ಅಣ್ಣ ನನಗೆ ಬೆನ್ನು ಹಾಕಿ ನಿಂತಿದ್ದ. ಉಳಿದೊಂದು ಮರಿ ತಾಯಿಯ ಹೊಟ್ಟೆಯಡಿ ನುಗ್ಗಿ ಒಣ ಕೆಚ್ಚಲನ್ನು ಗುದ್ದುತ್ತಲೇ ಇತ್ತು.